ತಿರುಳು ತೆಗೆದ ಬೀಗ

ಮೊನ್ನೆ ಸೇಡಂನ ನಮ್ಮ ಮನೆಯ ಬೀಗ ತಿರುಗಲಾರೆನೆಂದು ಹಟ ಹಿಡಿಯಿತು. ಎಣ್ಣೆ ಹಾಕಬಾರದು, ಪೆನ್ಸಿಲ್ ಸೀಸದ ಪುಡಿ ಊದಬೇಕು ಎಂಬಷ್ಟು ವಿದ್ಯೆ ನನಗಿದೆ. ಊದಿದೆ. ಅರ್ಧ ಬೀಗಕ್ಕೆ ಹೋಯಿತು, ಅರ್ಧ ನನ್ನ ಕಣ್ಣಿಗೆ. ಆ ವಾಸನೆಗೆ ನಿಮಗಾದರೆ ಪ್ರಾಥಮಿಕ ಶಾಲೆ ನೆನಪಾಗುತ್ತಿತ್ತು. ನನಗೆ ನೆನಪಾದವರು ಶಹಾಬಾದಿನ ಗುರುಲಿಂಗಪ್ಪನವರು.

ಮಾಸ್ತರಿಕೆಯ ಮೊದಲ ವರ್ಷಗಳಲ್ಲಿ ನಾನು ಅವರ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಇಬ್ಬರಿಗೂ ಬೀದಿಬಾಗಿಲು ಒಂದೇ. ಅವರು ಬೀಗದ ಕಂಪನಿಯೊಂದರ ಏಜೆಂಟರು. ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ ಅವರ ಸಾಮ್ರಾಜ್ಯ. ಮಾರುತ್ತಿದ್ದದ್ದು ತಿರುಳು ಬದಲಿಸಬಹುದಾದ ಬೀಗ. ಒಂದು ಚಾವಿ ಬಾಗಿಲು ತೆಗೆಯುತ್ತದೆ. ಇನ್ನೊಂದನ್ನು ಹಾಕಿ ತುಸು ತಿರುವಿದರೆ ಒಳಗಿನ ಸಿಲಿಂಡರೇ ಕಳಚಿಕೊಂಡು ಅಂಗೈಗೆ ಬರುತ್ತದೆ. ಚಾವಿ ಕಳೆದುಹೋದರೆ ಬೀಗ ಒಡೆಯಬೇಕಿಲ್ಲ, ಬೇರೆ ಸಿಲಿಂಡರ್ ಕೂರಿಸಿದರಾಯಿತು. ತೊಂದರೆಯೆಂದರೆ ನಮ್ಮ ಕಡೆ ಸಿಲಿಂಡರ್ ಅಂದರೆ ಗ್ಯಾಸು. "ಖಾಲೀದು ಕೊಟ್ಟು ತುಂಬಿದ್ದು ತರೂದೇನ್ರಿ?" ಎಂದು ವಾಡಿಯ ಹೆಣ್ಣುಮಗಳೊಬ್ಬಳು ಕೇಳಿದಾಗ, ಅವರು ಬಹಳ ಯೋಚಿಸಿ "ಹೆಚ್ಚುಕಡಿಮಿ ಹಂಗೇರಿ" ಎಂದು ಬಂದಿದ್ದರು.

ಕಂಪನಿ ಅವರಿಗೆ ಮಾದರಿಯೆಂದು ಕೊಟ್ಟದ್ದು ಒಂದೇ ಸಿಲಿಂಡರ್. ಅಭಿಮಾನದಿಂದ ಅದನ್ನು ಮನೆಬಾಗಿಲಿಗೇ ಹಾಕಿದ್ದರು. ಬೆಳಿಗ್ಗೆ ಅದನ್ನು ಕಳಚಿ, ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಳಿಸಿ ಗಿರಾಕಿಗಳಿಗೆ ತೋರಿಸಲು ಹೊರಡುವರು. ಸಂಜೆ ಬಂದು ಮತ್ತೆ ಕೂರಿಸುವರು. ಹೀಗಾಗಿ ಬೀಗ ಮಾರುವವರ ಮನೆಗೆ ಹಗಲೆಲ್ಲ ಬೀಗವಿರಲಿಲ್ಲ. ಬಾಗಿಲಲ್ಲಿ ಇಂಗ್ಲಿಷಿನ ಎಂಟರ ಆಕಾರದ ತೂತೊಂದು ಬೀದಿ ನೋಡುತ್ತಿತ್ತು. ಧೂಳು ಬರದಿರಲೆಂದು ಅವರ ಹೆಂಡತಿ ನೀಲವ್ವ ಅದಕ್ಕೆ ಜೋಳದ ಹಿಟ್ಟು ಮೆತ್ತುವರು. ಧೂಳು ನಿಂತು ಇರುವೆ ಶುರುವಾದವು.

ಮನೆ ಕಾಯುವ ಕೆಲಸವೂ ನೀಲವ್ವನದೇ. "ಮಾಸ್ತರ್, ಕೀಲಿ ಊರೂರು ತಿರಗತದ, ನಾ ಬಾಗಲಿಗೆ ಕುಂತೀನಿ" ಎನ್ನುವರು. ನಮ್ಮ ಕಡೆ ಕೀಲಿ ಎಂದರೆ ಬೀಗ.

ಗುರುಲಿಂಗಪ್ಪನವರ ಉತ್ತರ ಯಾವಾಗಲೂ ಇತಿಹಾಸದಿಂದ ಬರುತ್ತಿತ್ತು. ಅಮೆರಿಕದಲ್ಲಿ ಶಾಲೆಯೊಂದರ ಬಾಗಿಲುಗಳನ್ನು ನೋಡಿಕೊಳ್ಳುತ್ತಿದ್ದವನೊಬ್ಬ ಬೀಗಗಳ ಕಾಟಕ್ಕೆ ಬೇಸತ್ತು ಈ ಸಿಲಿಂಡರ್ ಹುಟ್ಟಿಸಿದನಂತೆ. ಅವನ ಪೇಟೆಂಟ್ ಹಕ್ಕಿನ ಅವಧಿ ಮುಗಿದ ಮೇಲೆ ಉಳಿದ ಕಂಪನಿಗಳೂ ಅದೇ ಆಕಾರಕ್ಕೆ ಬಂದವಂತೆ. "ಒಬ್ಬರ ಸಿಲಿಂಡರ್ ಇನ್ನೊಬ್ಬರ ಕೀಲ್ಯಾಗ ಕುಂದರತದ. ಇಷ್ಟು ಕಂಪನಿಯವರು ಒಂದ ತೂತಿಗೆ ಒಪ್ಯಾರ, ನೋಡ್ರಿ."

"ಅವರು ಒಪ್ಯಾರ. ನೀವು ನನ್ನ ಒಂದ ಮಾತಿಗಿ ಒಪ್ಪಂಗಿಲ್ಲ" ಎಂದರು ಒಂದು ದಿನ ನೀಲವ್ವ ಒಳಗಿನಿಂದ.

ಆ ಮಾತು ಚಿಂಚೋಳಿಗೆ ಹೋಗುವುದು. ಅಲ್ಲಿ ನೀಲವ್ವನ ತಂಗಿಯ ಮಗಳ ನಿಶ್ಚಿತಾರ್ಥ. ಅದೇ ದಿನ ಸೇಡಂನ ಕಲ್ಯಾಣಮಂಟಪದ ಮಾಲಕರು ಬೀಗ ನೋಡಲು ಮನೆಗೇ ಬರುವವರಿದ್ದರು. ಏಜೆಂಟರ ಬದುಕಿನ ಅತಿದೊಡ್ಡ ಗಿರಾಕಿ. "ಚಹಾ ಮಾಡೋರ್ಯಾರು?" ಎಂದು ಗುರುಲಿಂಗಪ್ಪನವರು ಕೇಳಿದರು.

ನಿಶ್ಚಿತಾರ್ಥದ ದಿನ ಬೆಳಿಗ್ಗೆ ಅವರು ಲುಂಗಿಯಲ್ಲೇ ಕ್ಷೌರಕ್ಕೆ ಹೋದರು, ನಾನು ಸ್ಕೂಟರಿನಲ್ಲಿ ಹಾಲಿಗೆ. ಮರಳಿದಾಗ ಬಾಗಿಲಿಗೆ ಬೀಗ. ತೂತಿನಲ್ಲಿ ಸಿಲಿಂಡರ್ ಫಳಫಳ ಹೊಳೆಯುತ್ತಿತ್ತು. ಇದ್ದದ್ದೇ ಎರಡು ಚಾವಿ, ಎರಡೂ ನೀಲವ್ವನ ಸೆರಗಿನಲ್ಲಿ ಚಿಂಚೋಳಿ ಬಸ್ಸು ಹತ್ತಿದ್ದವು. ನಾನು ನೀಲವ್ವನಿಗೆ ಫೋನು ಮಾಡಿದೆ. ಅದು ಮನೆಯೊಳಗೇ ಹಾಡಿತು.

ಗುರುಲಿಂಗಪ್ಪನವರು ತಂತಿ ಹಾಕಿದರು, ಸ್ಕ್ರೂಡ್ರೈವರ್ ತಿವಿದರು. ಬೀಗ ಜಗ್ಗಲಿಲ್ಲ. ಅವರ ಮುಖದಲ್ಲಿ ಸಿಟ್ಟು ಇಳಿದು ಮೆಲ್ಲಗೆ ಹೆಮ್ಮೆ ಏರತೊಡಗಿತು. ಓಣಿಯವರು ಕೂಡಿದರು. "ನೀವೂ ನೋಡ್ರಿ, ತೆಗೀರಿ" ಎಂದು ಅವರೇ ಎಲ್ಲರನ್ನೂ ಕರೆದರು. ಎಲ್ಲರೂ ಸೋತರು. ಅಷ್ಟರಲ್ಲಿ ಕಾರು ನಿಂತು ಮಂಟಪದ ಮಾಲಕರು ಇಳಿದರು.

"ಭಾಳ ಗಟ್ಟಿ ಅದ. ಈಗ ತಿರುಳು ತೆಗದು ತೋರಸ್ರಿ."

"ಚಾವಿ ಚಿಂಚೋಳಿಗೆ ಹೋಗಾಕತ್ತದರಿ."

ಮಾಲಕರು ಲುಂಗಿಯನ್ನೊಮ್ಮೆ, ಬಾಗಿಲನ್ನೊಮ್ಮೆ ನೋಡಿದರು. "ಬಂದಾಗ ಹೇಳಿ ಕಳಸ್ರಿ" ಎಂದು ಕಾರು ಹತ್ತಿದರು. ಆಮೇಲೆ ಅವರು ಹಳೆಯ ತರಹದ ದಪ್ಪ ಬೀಗ ಕೊಂಡರೆಂದು ಕೇಳಿದೆ.

ನಾವಿಬ್ಬರೂ ಹಾಲಿನ ಪಾತ್ರೆಯ ಸಮೇತ ಸ್ಕೂಟರಿನಲ್ಲಿ ಚಿಂಚೋಳಿಗೆ ಹೊರಟೆವು. ಕಾಳಗಿ ದಾಟುವವರೆಗೆ ಅವರು ಹೆಂಡತಿಗೆ ಹೇಳಬೇಕಾದ ಕಠಿಣ ಮಾತುಗಳನ್ನು ನನ್ನ ಬೆನ್ನಿಗೆ ಹೇಳಿ ಅಭ್ಯಾಸ ಮಾಡಿದರು. ಚಪ್ಪರದಲ್ಲಿ ನೀಲವ್ವ ಹೊಸ ಇಳಕಲ್ ಸೀರೆಯುಟ್ಟು ನಗುತ್ತ ನಿಂತಿದ್ದರು. ಆ ನಗೆಯನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಗುರುಲಿಂಗಪ್ಪನವರೂ ಬಹಳ ದಿನದಿಂದ ನೋಡಿರಲಿಲ್ಲವೆಂದು ತೋರಿತು. ಕಠಿಣ ಮಾತು ಒಂದೂ ಹೊರಡಲಿಲ್ಲ.

"ಚಾವಿ ಕೊಡು" ಎಂದರು ಅಷ್ಟೆ.

"ಮೊದಲ ಉಣ್ರಿ." ಹೋಳಿಗೆ ಬಡಿಸುತ್ತ ನೀಲವ್ವ ಕೇಳಿದರು, "ಈಗ ಮನಿ ಯಾರು ಕಾಯಾಕತ್ತಾರ?"

ಗುರುಲಿಂಗಪ್ಪನವರು ಹೋಳಿಗೆ ಮುರಿದು ತುಪ್ಪಕ್ಕೆ ಅದ್ದಿದರು. ಬಳಿಕ, ತಾವು ಮಾರುವ ವಸ್ತುವನ್ನು ಅಂದೇ ಮೊದಲ ಬಾರಿ ನಂಬಿದವರಂತೆ, "ಕೀಲಿ" ಎಂದರು.

"ಹಂಗಾದ್ರ ನಾಳಿ ಹೋಗೂಣ. ಮಾಸ್ತರ್, ನೀವೂ ಇರ್ರಿ."

ಇದ್ದೆವು. ಆಮೇಲೆ ಆ ಸಿಲಿಂಡರ್ ಬಾಗಿಲು ಬಿಟ್ಟು ಕದಲಲಿಲ್ಲ. ಗುರುಲಿಂಗಪ್ಪನವರು ಗಿರಾಕಿಗಳ ಮುಂದೆ ಬರಿಗೈಯನ್ನೇ ಗಾಳಿಯಲ್ಲಿ ತಿರುವಿ ತೋರಿಸುವರು. ವ್ಯಾಪಾರ ಮೊದಲಿನಷ್ಟೇ ಆಯಿತು, ಅಂದರೆ ಆಗಲಿಲ್ಲ.

ಮೊನ್ನೆ ಸೀಸದ ಪುಡಿ ಬಿದ್ದ ಕಣ್ಣು ತೊಳೆದುಕೊಂಡು ಗುರುಲಿಂಗಪ್ಪನವರಿಗೆ ಫೋನು ಮಾಡಿದೆ. ಎತ್ತಿದವರು ನೀಲವ್ವ. ಹಿಂದೆ ಗಾಳಿ ಜೋರಾಗಿ ಬೀಸುತ್ತಿತ್ತು.

"ಚಂದ್ರಂಪಳ್ಳಿ ಡ್ಯಾಮಿಗಿ ಬಂದೀವಿ ಮಾಸ್ತರ್. ಇವರು ನೀರಾಗ ಕಾಲು ಬಿಟ್ಟು ಕುಂತಾರ, ಏಳವಲ್ಲರು. ನೀವೇನು ಮಾಡಾಕತ್ತೀರಿ?"

ಬೀಗಕ್ಕೆ ಪುಡಿ ಊದುತ್ತಿದ್ದೇನೆಂದು ಹೇಳಿ ಫೋನು ಇಟ್ಟೆ. ರಜೆಯ ದಿನ, ಹೊತ್ತು ಇನ್ನೂ ಏರಿರಲಿಲ್ಲ. ಬೀಗ ಹೇಗಾದರೂ ಇರಲಿ, ಎಲ್ಲಿಗಾದರೂ ಹೋಗೋಣವೇ ಎಂದು ಹೆಂಡತಿಯನ್ನು ಕೇಳಿದೆ. ಎಲ್ಲಿಗೆಂದು ಅವಳು ಕೇಳಲಿಲ್ಲ, ಚಪ್ಪಲಿ ಮೆಟ್ಟಿಕೊಂಡಳು.