ಮಡಚದೆ ಉಳಿದ ಅಂಚು

ಮದುವೆಯ ಗೌನು ಹೊಲಿಯುವುದರಲ್ಲಿ ಟೈಲರ್ ಮಾಸ್ಟರದು ಎತ್ತಿದ ಕೈ. ಚರ್ಚಿನ ಹೆಣ್ಣುಮಕ್ಕಳೆಲ್ಲ ಅವರು ಹೊಲಿದ ಗೌನು ತೊಟ್ಟೇ ಮದುವೆಯಾದವರು. ಆದರೆ ಅವರದೊಂದು ಹಟವಿತ್ತು, ಗೌನಿನ ಕೆಳ ಅಂಚನ್ನು ಮೊದಲೇ ಮಡಚುತ್ತಿರಲಿಲ್ಲ. ಮದುವೆಯ ಬೆಳಿಗ್ಗೆ ತಾವೇ ಹೋಗಿ, ಹುಡುಗಿಯನ್ನು ನಿಲ್ಲಿಸಿ, ಮಂಡಿಯೂರಿ ಸುತ್ತಲೂ ಹೊಲಿಯುತ್ತಿದ್ದರು. "ಮದುವೆ ದಿನ ಹುಡುಗಿ ನಿಲ್ಲೋ ರೀತೀನೇ ಬೇರೆ" ಎನ್ನುವುದು ಅವರ ಸಿದ್ಧಾಂತ. ಯಾರು ನಕ್ಕರೂ ಕ್ಯಾರೇ ಎನ್ನುತ್ತಿರಲಿಲ್ಲ.

ಮಾಸ್ಟರ ತಾಯಿಯಿಲ್ಲದ ಒಬ್ಬಳೇ ಮಗಳು ಬೇರೆ ಊರಲ್ಲಿ ನರ್ಸಾಗಿದ್ದಳು. ಒಂದು ದಿನ ಅಂಗಡಿಗೇ ಬಂದು ಹೇಳಿದಳು.

"ಅಪ್ಪಾ, ನಾನು ಮದುವೆ ಆಗ್ತಿದೀನಿ. ನನ್ನ ಜೊತೆ ಇರ್ತಾಳಲ್ಲ, ಅವಳನ್ನೇ. ಚರ್ಚಲ್ಲಿ ಆಗಲ್ಲ, ಕಾನೂನೂ ಒಪ್ಪಲ್ಲ ಅಂತ ಗೊತ್ತು, ವಕೀಲರ ಕಚೇರೀಲಿ ಒಟ್ಟಿಗೆ ಬಾಳೋ ಕರಾರಿಗೆ ಸಹಿ ಹಾಕ್ತೀವಿ. ಗೌನು ನಾನೇ ತರ್ತೀನಿ. ನೀನು ಬಂದು ಅಂಚು ಹೊಲಿದುಕೊಟ್ರೆ ಸಾಕು."

ಮಾಸ್ಟರು ಕತ್ತರಿ ಕೆಳಗಿಡಲಿಲ್ಲ. "ದೇವರ ವಾಕ್ಯ ಮೀರೋಕೆ ನನ್ನಿಂದ ಆಗಲ್ಲ. ಪಾದ್ರಿಗಳಿಗೆ ಹೇಗೆ ಮುಖ ತೋರಿಸ್ಲಿ?"

ಮಗಳು ನೆಲದ ಮೇಲಿದ್ದ ಗುಂಡುಸೂಜಿಗಳನ್ನು ಚಿಕ್ಕಂದಿನ ಹಾಗೆ ಆರಿಸಿ ಡಬ್ಬಿಗೆ ಹಾಕಿ ಹೊರಟಳು. ಮಾಸ್ಟರು ಒಂದು ಮಾತು ಕರೆಯಬಹುದಿತ್ತು. ಪುಣ್ಯಾತ್ಮ ಮತ್ತೆ ಬಟ್ಟೆ ಕತ್ತರಿಸತೊಡಗಿದರು. ಮದುವೆಯ ಬೆಳಿಗ್ಗೆಯೂ ಯಾರದೋ ಕೋಟಿಗೆ ಗುಂಡಿ ಹಾಕುತ್ತಿದ್ದರು.

ಆಮೇಲೆ ಪಾದ್ರಿ ತಮ್ಮ ನಿಲುವಂಗಿ ಹೊಲಿಸಲು ಬಂದವರು ಕೇಳಿದರು. "ಮಗಳ ಮದುವೆಗೆ ಹೋಗ್ಲಿಲ್ವಂತೆ?"

"ನಿಮಗೆ ಬೇಜಾರಾಗುತ್ತೆ ಅಂತ..."

"ಆ ಮದುವೆ ನಾನು ಮಾಡಿಸಲ್ಲ ಮಾಸ್ಟ್ರೇ, ನನ್ನ ನಂಬಿಕೆ ಹಾಗಿದೆ. ಆದ್ರೆ ಮಗಳ ಬಟ್ಟೆ ಹೊಲೀಬೇಡಿ ಅಂತ ನಾನ್ಯಾವಾಗ ಹೇಳಿದೆ? ಕೇಳಿದ್ರಾ ನನ್ನನ್ನ?"

ಕೇಳಿರಲಿಲ್ಲ. ನಿಜ ಹೇಳಬೇಕೆಂದರೆ, ಮಾಸ್ಟರು ಹೆದರಿದ್ದು ದೇವರಿಗೂ ಅಲ್ಲ, ಪಾದ್ರಿಗೂ ಅಲ್ಲ. ಆರಾಧನೆ ಮುಗಿದ ಮೇಲೆ ಗೇಟಿನ ಬಳಿ ನಿಂತು ಆಡಿಕೊಳ್ಳುವ ನಾಲ್ಕು ಜನರಿಗೆ.

ಮದುವೆಗೆ ಹೋಗಿದ್ದ ಮಾಸ್ಟರ ತಂಗಿ ಫೋನಿನಲ್ಲಿ ಫೋಟೋ ತೋರಿಸಿದಳು. ಇಬ್ಬರೂ ಹುಡುಗಿಯರು ಬಾಯ್ತುಂಬ ನಗುತ್ತಿದ್ದರು. ಮಾಸ್ಟರ ಕಣ್ಣು ಹೋದದ್ದು ಮಾತ್ರ ಮಗಳ ಪಾದದ ಕಡೆ. ಉದ್ದವಾದ ಗೌನನ್ನು ಒಂದು ಕಡೆ ಎತ್ತಿ ಪಿನ್ನು ಹಾಕಿದ್ದರು. ಅಲ್ಲೇ ಮಗಳಿಗೆ ಫೋನು ಹಚ್ಚಿದರು.

"ಆ ಗೌನು ತಗೊಂಡು ಬಾ ಮಗಾ. ಅಂಚು ಸರಿಮಾಡಿ ಕೊಡ್ತೀನಿ."

"ಅದು ಬಾಡಿಗೇದಪ್ಪ. ವಾಪಸ್ ಕೊಟ್ಟಾಯ್ತು."

ಮಾಸ್ಟರು ಮತ್ತೆ ಫೋಟೋ ಕಡೆ ನೋಡಿದರು. "ಪಿನ್ನು ಹಾಕಿದ್ಯಾರು?"

"ಅವಳೇ. ಕಚೇರಿ ಬಾಗಿಲಲ್ಲೇ ಮಂಡಿಯೂರಿ ಹಾಕಿದ್ಲು. ನೀನು ಬಂದೇ ಬರ್ತೀಯ ಅಂತ ಅಲ್ಲೀವರೆಗೂ ಕಾದಿದ್ವಿ."