ಹೊಗೆಯೂ ಮುಖವೂ

ಮೊನ್ನೆ ಪಂಚಾಯತ್ ಚುನಾವಣೆಗೆ ಮೊದಲು ಪಕ್ಕದ ಮನೆಯ ಕೃಷಿಕ ಜಗಲಿಯಲ್ಲಿ ಕೂತು ತನ್ನ ಕೋವಿಗೆ ಎಣ್ಣೆ ಒರೆಸುತ್ತಿದ್ದ. ಚುನಾವಣೆ ಬಂತೆಂದರೆ ಲೈಸನ್ಸಿನ ಕೋವಿಗಳೆಲ್ಲ ಠಾಣೆಗೆ ಹೋಗಬೇಕು, ಮುಗಿದ ಮೇಲೆ ಮರಳಿ ತರಬೇಕು. ಸೀಮೆಎಣ್ಣೆಗೆ ತೆಂಗಿನೆಣ್ಣೆ ಬೆರೆಸಿದ ಆ ವಾಸನೆ ಬೇಲಿ ದಾಟಿ ಬಂದದ್ದೇ ತಡ, ನನಗೆ ಕೋವಿ ಆಚಾರಿ ನೆನಪಾದರು...

ಪೆರ್ಲದ ಕಡೆಯ ನಮ್ಮ ಊರುಗಳಲ್ಲಿ ಹಂದಿ ಓಡಿಸಲು ಇಟ್ಟ ಕೋವಿಗಳಿಗೆಲ್ಲ ಅವರೇ ವೈದ್ಯರು. ಸಿಡುಕು ಮನುಷ್ಯ. ತುಕ್ಕು ಹಿಡಿದ ನಳಿಗೆ ತಂದವರಿಗೆ ಮೊದಲು ಬೈಗುಳ, ಆಮೇಲೆ ರಿಪೇರಿ. ಆಗಷ್ಟೇ ಶಾಲೆಗೆ ಮಾಸ್ಟ್ರಾಗಿ ಸೇರಿದ್ದ ನನ್ನ ಮೇಲೆ ಮಾತ್ರ ಅದೇನೋ ಗೌರವ. ಅದಕ್ಕೆ ನಾನು ಯೋಗ್ಯನಾಗಿರಲಿಲ್ಲ.

ಆ ವರ್ಷ ನಮ್ಮ ಠಾಣೆಯ ಎಸ್.ಐ.ಯನ್ನು ಗೇರುಗುಡ್ಡೆಯ ತಿರುವಿನಲ್ಲಿ ಯಾರೋ ಗುಂಡು ಹಾರಿಸಿ ಕೊಂದರು. ಶಾಲೆ ಬಿಟ್ಟು ಬರುತ್ತಿದ್ದ ನಾನೊಬ್ಬನೇ ಸಾಕ್ಷಿ. ಢಂ ಎಂಬ ಸದ್ದು, ಮರಗಳ ನಡುವೆ ದಟ್ಟವಾದ ಬಿಳಿ ಹೊಗೆ, ಇಳಿಜಾರಿನಲ್ಲಿ ಓಡಿಹೋದ ಒಂದು ಬೆನ್ನು... ಕಂಡದ್ದು ಇಷ್ಟೇ. ಹಿಂದಿನ ವಾರ ಎಸ್.ಐ.ಯೊಡನೆ ಜಗಳವಾಡಿದ್ದ ಒಬ್ಬ ರೈತನನ್ನು ಪೊಲೀಸರು ನನ್ನೆದುರು ನಿಲ್ಲಿಸಿ, "ಸರಿಯಾಗಿ ನೋಡಿ ಮಾಸ್ಟ್ರೇ, ಇವನೇ ಅಲ್ವಾ?" ಎಂದು ಮೂರು ದಿನ ಕೇಳಿದರು. ಮೂರನೆಯ ದಿನಕ್ಕೆ ಆ ಬೆನ್ನಿಗೆ ಅವನ ಮುಖ ಬಂದಿತ್ತು.

ದೇಹದಲ್ಲಿ ಸಿಕ್ಕಿದ ಸೀಸದ ಚರೆಗಳು ಯಾವ ಕೋವಿಯದ್ದೆಂದು ಹೇಳಲು ಬರುವುದಿಲ್ಲ, ಆ ರೈತನ ಕಾರ್ತೂಸು ಹಾಕುವ ತೋಟೆ ಕೋವಿಯದ್ದೂ ಇರಬಹುದು ಎಂದರು ಕೋರ್ಟಿಗೆ ಬಂದ ತಜ್ಞರು. ಉಳಿದದ್ದು ನನ್ನ ಕಣ್ಣು. ದಟ್ಟ ಹೊಗೆ ಎಂದೆ. ಗುಂಡು ಹಾರಿದ ಕ್ಷಣವೇ ಮುಖ ಸ್ಪಷ್ಟವಾಗಿ ಕಂಡಿತೆಂದೂ ಹೇಳಿದೆ. ಅವನಿಗೆ ಜೀವಾವಧಿ ಆಯಿತು. ಊರಿನ ಹೋಟೆಲಿನಲ್ಲಿ ಕಣ್ಣು ಹೆಚ್ಚೋ ಚರೆ ಹೆಚ್ಚೋ ಎಂದು ವಾದವೋ ವಾದ. ನನ್ನನ್ನು ಕರೆದು ಚಹಾ ಕುಡಿಸಿದವರೂ ಇದ್ದರು.

ಅಪೀಲಿನ ವಿಚಾರಣೆಗೆ ಮುಂಚೆ ಒಂದು ಭಾನುವಾರ ಬೆಳಗ್ಗೆ ಆಚಾರಿ ನನ್ನನ್ನು ಮನೆಯ ಹಿಂದಿನ ಗುಡ್ಡೆಗೆ ಕರೆದೊಯ್ದರು. ನಲವತ್ತು ಹೆಜ್ಜೆ ದೂರ ನಿಲ್ಲಿಸಿ, "ನನ್ನ ಮುಖವನ್ನೇ ನೋಡಿ" ಎಂದರು. ಮೊದಲು ತೋಟೆ ಕೋವಿ. ಹೊಗೆ ತೆಳ್ಳಗೆ ಎದ್ದು ಮಾಯವಾಯಿತು. ಅವರ ಮೀಸೆ ಕೂಡ ಕಾಣುತ್ತಿತ್ತು. ಬಳಿಕ, ನಳಿಗೆಯ ಬಾಯಿಯಿಂದ ಕರಿಮದ್ದು ತುಂಬಿಸುವ ಹಳೆಯ ಕೇಪಿನ ಕೋವಿ. ಗೇರುಗುಡ್ಡೆಯಲ್ಲಿ ಕಂಡ ಅದೇ ಬಿಳಿ ಹೊಗೆ. ಅದರ ಹಿಂದೆ ಆಚಾರಿಯೇ ಕಾಣಲಿಲ್ಲ.

"ಅವನ ಮನೆಯಲ್ಲಿ ಇದ್ದದ್ದು ಒಂದೇ, ತೋಟೆ ಕೋವಿ. ಕೋರ್ಟಲ್ಲಿ ನೀವು ಹೊಗೆಯನ್ನೂ ಹೇಳಿದ್ದೀರಿ, ಮುಖವನ್ನೂ ಹೇಳಿದ್ದೀರಿ. ಎರಡೂ ಒಂದೇ ಕೋವಿಯಲ್ಲಿ ಬರುದಿಲ್ಲ ಮಾಸ್ಟ್ರೇ. ರಿಪೇರಿಯವನ ಮಾತಿಗೆ ಅಲ್ಲಿ ಎಂತ ಬೆಲೆ ಉಂಟು? ನೀವೇ ವಕೀಲರಿಗೆ ಹೇಳ್ಬೇಕು."

"ನನ್ನ ಕಣ್ಣನ್ನೇ ಸುಳ್ಳು ಮಾಡ್ತೀರಾ?" ಎಂದು ರೇಗಿದೆ. ಸುಳ್ಳುಸಾಕ್ಷಿ ಹೇಳಿದೆನೆಂದು ಕೆಲಸ ಹೋದೀತು, ಜೈಲಾದೀತು ಎಂಬ ಹೆದರಿಕೆ ಒಳಗೆ, ಹೊರಗೆ ಸಿಟ್ಟು. ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ. ಊರಿಗೆಲ್ಲ ಬೈಯುವ ಮನುಷ್ಯ ಅಂದು ನನ್ನನ್ನು ಬೈಯಲಿಲ್ಲ. ಕಲ್ಲಿನ ಮೇಲೆ ಕೂತು ನಳಿಗೆ ಒರೆಸತೊಡಗಿದರು. ಆಮೇಲೆ ಆ ಮಾತು ಎತ್ತಲಿಲ್ಲ. ನನ್ನನ್ನು ಮಾಸ್ಟ್ರೇ ಎಂದು ಕರೆಯಲೂ ಇಲ್ಲ.

ಅಪೀಲು ಬಿದ್ದುಹೋಯಿತು. ಆ ರೈತ ಜೈಲಿನಲ್ಲೇ ತೀರಿಕೊಂಡ. ಆಚಾರಿ ಹೋಗಿಯೂ ಎಷ್ಟೋ ವರ್ಷಗಳಾದವು...

"ಮಾಸ್ಟ್ರೇ," ಬೇಲಿಯಾಚೆಯಿಂದ ನೆರೆಯವ ಕೇಳಿದ, "ಆ ಎಸ್.ಐ. ಕೇಸಲ್ಲಿ ನೀವು ಕಣ್ಣಾರೆ ನೋಡಿದ್ದಂತೆ, ಹೌದಾ?"

"ಹೊಗೆ ನೋಡಿದ್ದು," ಎಂದೆ. "ಮುಖ ನೋಡ್ಲಿಲ್ಲ."

ಅವನು ಎಣ್ಣೆಬಟ್ಟೆ ಕೈಯಲ್ಲೇ ಹಿಡಿದು ನನ್ನನ್ನು ನೋಡಿದ. ಇದನ್ನು ಕೇಳಿಸಿಕೊಳ್ಳಬೇಕಾಗಿದ್ದ ಇಬ್ಬರೂ ಈಗಿಲ್ಲ.