ಗುವಾಹಟಿಗೆ ಮೂರು ಗಂಟೆ ಚಿಲ್ಲರೆ

ನನಗೆ ಕೂತಲ್ಲಿ ಕೂತಿರುವುದು ಆಗದ ಮಾತು. ಇಚಲಕರಂಜಿಯ ಶಹಾಪುರದಲ್ಲಿ ನಮ್ಮ ಮಗ್ಗದ ಶೆಡ್ಡು. ಒಂದು ಮಗ್ಗ ಸುಮ್ಮನಾದರೂ ನನ್ನ ಎದೆ ಹಾರುತ್ತದೆ. ಅಂಥವನು ಕಳೆದ ಡಿಸೆಂಬರಿನಲ್ಲಿ ಅವ್ವನನ್ನು ಕರೆದುಕೊಂಡು ಗುವಾಹಟಿಗೆ ಹೊರಟೆ. ಅಲ್ಲಿ ನನ್ನ ತಂಗಿಯ ಗಂಡನದು ಸೀರೆ ಅಂಗಡಿ. ಅವ್ವ ಮಗಳನ್ನು ನೋಡಿ ಮೂರು ವರ್ಷವಾಗಿತ್ತು.

ವಾರವಿಡೀ ಮೊಬೈಲಿನಲ್ಲಿ ವಿಮಾನದ ಹೊತ್ತನ್ನೇ ಹುಡುಕಿದ್ದೆ. ಕೊಲ್ಹಾಪುರದಿಂದ ಮುಂಬಯಿಗೆ ಒಂದು ಗಂಟೆ. ಮುಂಬಯಿಯಿಂದ ಗುವಾಹಟಿ ಎರಡು ಸಾವಿರ ಕಿಲೋಮೀಟರಿಗೂ ಮೇಲೆ, ಮೂರು ಗಂಟೆ ಚಿಲ್ಲರೆ. ಇಷ್ಟೆಲ್ಲ ಒದ್ದಾಟ ಅವ್ವನ ವ್ರತಕ್ಕಾಗಿ. ನಾವು ಜೈನರು. ಹೊತ್ತು ಮುಳುಗಿದ ಮೇಲೆ ಅವಳು ಊಟವಿರಲಿ, ನೀರನ್ನೂ ಮುಟ್ಟುವುದಿಲ್ಲ. ಜೊತೆಗೆ ಸಕ್ಕರೆ ಕಾಯಿಲೆ. ಹೊಟ್ಟೆ ಖಾಲಿಯಾದರೆ ಕೈಕಾಲು ನಡುಗಿ ಕಣ್ಣಿಗೆ ಕತ್ತಲೆ ಬರುತ್ತದೆ.

"ನಾಕೂವರಿಗೆ ಇಳೀತೀವಿ. ಹೊತ್ತು ಮುಳಗೂದು ಆರಕ್ಕ. ಕಾಳಜಿ ಬ್ಯಾಡ," ಎಂದಿದ್ದೆ.

"ಹಂಗಾರ ಮಗಳ ಮನ್ಯಾಗs ಉಣ್ತೇನಿ," ಎಂದು ಅವ್ವ ಮುಂಬಯಿಯಲ್ಲಿ ಡಬ್ಬಿ ಬಿಚ್ಚಲೇ ಇಲ್ಲ. ಬೆಳಿಗ್ಗೆ ಮನೆಯಲ್ಲಿ ತಿಂದದ್ದೇ ಕಡೆ.

ವಿಮಾನದಲ್ಲಿ ಬಿಸಿಲು ಕಣ್ಣಿಗೆ ಹೊಡೆಯುತ್ತದೆಂದು ಕಿಟಕಿಯ ಮುಚ್ಚಳ ಎಳೆದೆ. ಅವ್ವನಿಗೆ ಜೊಂಪು ಹತ್ತಿತು. ನಾನು ಐದೈದು ನಿಮಿಷಕ್ಕೆ ಗಡಿಯಾರ ನೋಡುತ್ತ ಕೂತೆ. ನಾಲ್ಕೂವರೆ ಆಯಿತು. ಇಳಿಯಲು ಜಾಗ ಸಿಗದೆ ವಿಮಾನ ಮೇಲೆಯೇ ಸುತ್ತತೊಡಗಿತು. ಐದಕ್ಕೆ ಅವ್ವ ಮಿಸುಕಾಡಿದಳು. ಹಣೆಯ ತುಂಬ ಬೆವರು, ಬೆರಳು ನಡುಗುತ್ತಿದ್ದವು. ಎಲ್ಲಿಗೆ ಬಂದೆವೆಂದು ನೋಡಲು ಮುಚ್ಚಳ ಎತ್ತಿದೆ.

ಹೊರಗೆ ಕತ್ತಲೆ, ಕೆಳಗೆ ಊರಿನ ದೀಪಗಳು. ದೇಶಕ್ಕೆಲ್ಲ ಒಂದೇ ಗಡಿಯಾರವಿದ್ದರೆ ಸೂರ್ಯ ಮುಳುಗುವುದೂ ಒಂದೇ ಹೊತ್ತಿಗೆ ಎಂದುಕೊಂಡ ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಮುಚ್ಚಳ ಕೆಳಗೆಳೆದು ಡಬ್ಬಿಯಿಂದ ರೊಟ್ಟಿ, ಬೆಲ್ಲ ತೆಗೆದೆ.

"ತಿನ್ನವ್ವ. ಹೊರಗ ಇನ್ನಾ ಬಿಸಲೈತಿ."

ಅವ್ವ ನನ್ನ ಮುಖವನ್ನೇ ನೋಡಿದಳು. ಕಿಟಕಿ ತೆಗೆ ಎನ್ನಲಿಲ್ಲ. ಬೆಲ್ಲವನ್ನು ಬಾಯಿಗೆ ಹಾಕಿಕೊಂಡು ರೊಟ್ಟಿ ಮುರಿದಳು. ನನಗೆ ಹೋದ ಜೀವ ಬಂದಂತಾಯಿತು; ಮರುಕ್ಷಣವೇ ನಾಚಿಕೆಯೂ ಆಯಿತು.

ತಂಗಿ ವಿಮಾನ ನಿಲ್ದಾಣದಲ್ಲೇ ಕೇಳಿದಳು, "ಅವ್ವಾ, ಬೆಳಕಿದ್ದಾಗs ಉಂಡಿ ಇಲ್ಲೋ? ಥಂಡಿ ದಿನದಾಗ ಇಲ್ಲಿ ನಾಕೂವರಿಗೇ ಹೊತ್ತು ಮುಳಗತೈತಿ."

ನಾನು ಬ್ಯಾಗಿನ ಪಟ್ಟಿ ಸರಿಪಡಿಸತೊಡಗಿದೆ.

"ಮುಳುಗಿದ ಮ್ಯಾಲ ಉಂಡೆ," ಎಂದಳು ಅವ್ವ. "ಇಂವ ಕಿಟಕಿ ತಗದಾಗ ನಾನೂ ನೋಡೀನಿ. ಬ್ಯಾಡ ಅನಬೇಕಂದ್ರ ಇವನ ಕೈ ನನಗಿಂತ ಹೆಚ್ಚ ನಡಗಾಕತ್ತಿದ್ವು."

ಮರುದಿನದಿಂದ ಅವ್ವ ಒಪ್ಪತ್ತು ಊಟ ಹಿಡಿದಳು. ತಂಗಿ ಮಾಡಿದ ಹೋಳಿಗೆ ಹಾಗೇ ಉಳಿಯಿತು. ಎರಡನೆಯ ದಿನವೂ ಒಪ್ಪತ್ತೇ ಎಂದಾಗ ನನಗೆ ರೇಗಿತು. ತಪ್ಪಿದ್ದು ಒಂದು ಹೊತ್ತು, ಪ್ರಾಯಶ್ಚಿತ್ತ ಎರಡು ದಿನ ಯಾಕೆಂದು ಕೂಗಾಡಿದೆ.

"ನಿನ್ನಿದು ನಾ ಉಂಡಿದ್ದಕ್ಕ. ಇವತ್ತಿಂದು ನೀ ಸುಳ್ಳ ಹೇಳಿದ್ದಕ್ಕ," ಎಂದಳು. "ನಿನಗ ಹಸಿವಿ ತಡ್ಯೂದಿಲ್ಲಲ್ಲೋ, ಎಪ್ಪಾ."